ಬೇಸಿಗೆ ರಜೇಲಿ ಊರಹಬ್ಬ ಮಾಡ್ಬೇಕು ಅಂತಿದೀರಾ? ಶುರುವಿಂದ ಕೊನೆ ತನಕ ಏನೇನು ಬೇಕು, ಎಲ್ಲೆಲ್ಲಿ ಎಡವೋದು ಜಾಸ್ತಿ

ಹೋಳಿ ಹುಣ್ಣಿಮೆ ಕಳೀತು ಅಂದ್ರೆ ಸಾಕು, ಒಂದೇ ಥರದ ಪ್ರಶ್ನೆಗಳು ಬರೋಕೆ ಶುರು. ನಮ್ಮ ಬೀದಿಯವರೆಲ್ಲ ಸೇರಿ ರಜೇಲಿ ಏನಾದ್ರೂ ಮಾಡೋಣ ಅಂತಿದೀವಿ ಎಲ್ಲಿಂದ ಶುರು ಮಾಡ್ಲಿ, ಮೈಕಿಗೆ ಪರ್ಮಿಷನ್ ಯಾರ ಹತ್ರ ಕೇಳ್ಬೇಕು, ಸಂಜೆ ಮಳೆ ಹೊಯ್ದ್ರೆ ಏನು ಗತಿ, ಮಕ್ಕಳಿಗೆ ಆಟ ಇಟ್ರೆ ವಯಸ್ಸಾದವ್ರು ಬರಲ್ಲ, ಭಜನೆ ಇಟ್ರೆ ಕಾಲೇಜ್ ಹುಡುಗ್ರು ಬರಲ್ಲ, ಏನ್ ಮಾಡೋದು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳೋ ಬದಲು ಎಲ್ಲಾನೂ ಒಂದೇ ಕಡೆ ಬರೀತಿದೀನಿ. ಶಿವಮೊಗ್ಗದ ಬಡಾವಣೆ ಆಗ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿ ಆಗ್ಲಿ, ಇನ್ನೂರರಿಂದ ನಾನೂರು ಜನ ಸೇರೋ ಒಂದು ದಿನದ ಹಬ್ಬಕ್ಕೆ ಇಷ್ಟು ಸಾಕು.

ಜಾತ್ರೆ ಲೆಕ್ಕ ಬೇರೆ, ಅದನ್ನ ಇದ್ರಲ್ಲಿ ಸೇರಿಸಿಲ್ಲ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ಅಲ್ಲೆಲ್ಲ ಯಾರು ಏನು ಮಾಡ್ಬೇಕು ಅನ್ನೋದು ತಲೆತಲಾಂತರದಿಂದ ಬಂದಿದೆ. ನಾವು ಮಾತಾಡ್ತಿರೋದು ಏನೂ ಕಟ್ಟುಪಾಡು ಇಲ್ದೆ, ಊರವರೇ ಮನಸು ಮಾಡಿ ಹೊಸದಾಗಿ ಕಟ್ಟೋ ಹಬ್ಬದ ಬಗ್ಗೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಮುಂದಿನ ಎಲ್ಲಾ ಹಂತಾನೂ ಅದ್ರ ಮೇಲೇ ನಿಂತಿದೆ. ಒಂದು ಸ್ಟೇಜ್ ಹಾಕಿ, ಎದುರಿಗೆ ಮುನ್ನೂರು ಕುರ್ಚಿ ಇಟ್ಟು, ಐದು ಗಂಟೆ ಎಲ್ಲರನ್ನೂ ಕೂರಿಸಿದ್ರೆ ಅದು ಊರಹಬ್ಬ ಆಗಲ್ಲ. ಮಕ್ಕಳು ಅರ್ಧ ಗಂಟೆಗೆ ಎದ್ದು ಓಡ್ತಾವೆ, ಅಜ್ಜಂದ್ರಿಗೆ ಸೊಂಟ ಹಿಡ್ಕೊಳತ್ತೆ, ಹೆಂಗಸ್ರು ಅಡುಗೆ ಕಡೇನೇ ಉಳೀತಾರೆ, ಹುಡುಗ್ರು ಬೈಕ್ ಮೇಲೆ ದೂರ ನಿಂತು ಮೊಬೈಲ್ ನೋಡ್ತಾರೆ. ಹಾಗಾಗಿ ಪ್ಲಾನ್ ಮಾಡೋವಾಗ ಪ್ರತಿ ವಯಸ್ಸಿನವರಿಗೂ ನೋಡೋಕೆ ಒಂದು, ಕೈಯಾರೆ ಮಾಡೋಕೆ ಒಂದು ಇದೆಯಾ ಅಂತ ಕೇಳ್ಕೊಳಿ. ಮಾಡೋಕೆ ಇರೋದೇ ಮುಖ್ಯ.

1. ದಿನ ಹಿಡಿಯೋದು

ಇದೇ ಅರ್ಧ ಕೆಲಸ. ನಮ್ಮ ಕಡೆ ಶಾಲೆಗೆ ರಜ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ಇರತ್ತೆ. ನೋಡೋಕೆ ಒಂದೂವರೆ ತಿಂಗಳು ಇದ್ದ ಹಾಗೆ ಕಾಣತ್ತೆ ಆದ್ರೆ ಅದ್ರಲ್ಲಿ ಮದುವೆ, ಉಪನಯನ, ಗೃಹಪ್ರವೇಶ, ಪಕ್ಕದೂರಿನ ರಥೋತ್ಸವ, ಬಸವ ಜಯಂತಿ, ಅಕ್ಷಯ ತದಿಗೆ ಎಲ್ಲ ಕಳೆದ್ರೆ ಉಳಿಯೋದು ಬೆರಳೆಣಿಕೆ ದಿನ. ಮೊದಲು ಒಂದು ಪಂಚಾಂಗ ಇಟ್ಕೊಂಡು ದೊಡ್ಡ ಮುಹೂರ್ತ ಇರೋ ದಿನಗಳನ್ನ ಹೊಡೆದು ಹಾಕಿ. ಮುಹೂರ್ತದ ದಿನ ಜನ ಬರಲ್ಲ ಅನ್ನೋದು ಒಂದಾದ್ರೆ ಶಾಮಿಯಾನ, ಪಾತ್ರೆ, ಅಡುಗೆಯವ್ರು, ಮೈಕ್‌ಸೆಟ್ ಯಾವ್ದೂ ಸಿಗಲ್ಲ, ಸಿಕ್ಕಿದ್ರೂ ರೇಟ್ ಜಾಸ್ತಿ.

ಎರಡನೇದು ಮಳೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಆಸುಪಾಸು ಕೃತ್ತಿಕೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತಾರೆ, ಆ ಮಳೆ ಬರ್ಲಿ ಅಂತ ಕಾಯೋ ಊರಲ್ಲೇ ನಾವು ಹಬ್ಬ ಮಾಡ್ತಿರೋದು, ಹಾಗಾಗಿ ಮಳೆ ಬರಲ್ಲ ಅಂತ ಪ್ಲಾನ್ ಮಾಡ್ಬೇಡಿ, ಬರತ್ತೆ ಅಂತಾನೇ ಮಾಡಿ. ಈ ಮುಂಗಾರು ಪೂರ್ವ ಮಳೆ ಹೆಚ್ಚಾಗಿ ಬರೋದು ಮಧ್ಯಾಹ್ನ ಮೂರರ ಮೇಲೆ, ಗುಡುಗು ಸಿಡಿಲು ಗಾಳಿ ಸಮೇತ. ನನ್ನ ಪ್ರಕಾರ ಏಪ್ರಿಲ್ ಕೊನೇ ಎರಡು ಭಾನುವಾರ ಒಳ್ಳೇದು. ಮೇ 15 ದಾಟಿದ್ರೆ ಜನಕ್ಕೂ ತಲೆಬಿಸಿ ಶುರುವಾಗಿರತ್ತೆ, ದರಗು ಒಟ್ಟೋದು, ಕಟ್ಟಿಗೆ ಒಳಗೆ ಹಾಕೋದು, ಮಾಡು ರಿಪೇರಿ, ಎಲ್ಲ ಮಳೆಗಾಲದ ತಯಾರಿ. ಜೂನ್ ಮೊದಲ ವಾರಕ್ಕೆ ಮುಂಗಾರು ಕೂತ್ಬಿಟ್ರೆ ಮುಗೀತು.

ಯಕ್ಷಗಾನ ಮೇಳ ಕರೆಸೋ ಆಸೆ ಇದ್ರೆ ಇನ್ನೂ ಮುಂಚೆ ಎದ್ದೇಳ್ಬೇಕು. ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆ ವಾರದ ಹೊತ್ತಿಗೆ ಮುಗಿಯತ್ತೆ, ಏಪ್ರಿಲ್ ಮೇ ತಿಂಗಳ ಭಾನುವಾರಗಳು ತುಂಬಾ ಮೊದಲೇ ಬುಕ್ ಆಗಿರ್ತಾವೆ.

ಕೈಲಿ ಕಡಿಮೆ ಅಂದ್ರೆ ಆರು ವಾರ ಇಟ್ಕೊಳಿ. ಚುನಾವಣೆ ನೀತಿ ಸಂಹಿತೆ ಬರೋ ಹಾಗಿದ್ರೆ ಅದನ್ನೂ ಗಮನಿಸಿ, ಆಗ ಅನುಮತಿ ಕೇಳೋ ದಾರಿ ಬೇರೆ ಆಗತ್ತೆ, ತಡ ಆಗತ್ತೆ.

2. ಜನ ಮತ್ತು ದುಡ್ಡು

ಏಳರಿಂದ ಒಂಬತ್ತು ಜನರ ಸಮಿತಿ ಸಾಕು, ಇಪ್ಪತ್ತು ಜನ ಹಾಕಿದ್ರೆ ಕೆಲಸ ಮಾಡೋರು ಅದೇ ಆರು ಜನ. ಅದ್ರಲ್ಲಿ ಇಬ್ಬರಾದ್ರೂ ಹೆಣ್ಣುಮಕ್ಕಳು ಇರ್ಲಿ, ಹೆಸರಿಗಲ್ಲ, ಖರ್ಚು ಮತ್ತು ಕಾರ್ಯಕ್ರಮ ಎರಡರಲ್ಲೂ ತೀರ್ಮಾನ ಮಾಡೋ ಹಾಗೆ ಇರ್ಲಿ. ಒಬ್ರು ಕಾಲೇಜು ವಯಸ್ಸಿನವ್ರು, ಒಬ್ರು ಅರವತ್ತೈದು ದಾಟಿದವ್ರು. ಒಬ್ಬೊಬ್ಬರಿಗೆ ಒಂದೊಂದೇ ಜವಾಬ್ದಾರಿ ಕೊಟ್ಟು ಹಾಳೆ ಮೇಲೆ ಬರೀರಿ: ಅನುಮತಿ, ದುಡ್ಡು, ಊಟ-ನೀರು, ಸ್ಟೇಜ್-ಕರೆಂಟ್, ಮಕ್ಕಳ ಆಟ, ಹಿರಿಯರ ವ್ಯವಸ್ಥೆ, ಕ್ಲೀನಿಂಗ್. ಎಲ್ಲರೂ ಎಲ್ಲಾನೂ ನೋಡ್ಕೊಳ್ತಾರೆ ಅಂದ್ರೆ ಯಾರೂ ಏನೂ ನೋಡ್ಕೊಳಲ್ಲ.

ದುಡ್ಡಿನ ವಿಷಯದಲ್ಲಿ ಊರು ಒಡೆಯೋದು ಜಾಸ್ತಿ, ಅದಕ್ಕೆ ಇದನ್ನ ಗಟ್ಟಿ ಮಾಡ್ಕೊಳಿ. ರಸೀದಿ ಪುಸ್ತಕ ನಂಬರ್ ಹಾಕಿ ಪ್ರಿಂಟ್ ಮಾಡ್ಸಿ. ಯುಪಿಐ ಸ್ಕ್ಯಾನರ್ ಇಡೋದಾದ್ರೆ ಯಾರದ್ದೋ ಸ್ವಂತ ಅಕೌಂಟಿಗೆ ಬೇಡ, ಇಬ್ಬರ ಹೆಸರಲ್ಲಿ ಜಂಟಿ ಖಾತೆ ಅಥವಾ ಸಂಘದ ಖಾತೆ ಇರ್ಲಿ. ಮನೆಗಿಷ್ಟು ಅಂತ ಕಡ್ಡಾಯ ವರಾಡ ಹಾಕೋದನ್ನ ನಾನಂತೂ ಒಪ್ಪಲ್ಲ, ಕೊಡೋಕಾಗದವ್ರು ಆಮೇಲೆ ಹಬ್ಬಕ್ಕೂ ಬರಲ್ಲ. ದುಡ್ಡಿನ ಬದಲು ವಸ್ತು, ಮೈಗೆಲಸ ಎರಡನ್ನೂ ಸಮನಾಗಿ ತಗೊಳಿ. ತೋಟ ಇದ್ದವ್ರು ಬಾಳೆಎಲೆ, ತೆಂಗಿನಕಾಯಿ, ಅಡಿಕೆ ದಬ್ಬೆ ಕೊಡ್ತಾರೆ, ಇನ್ನೊಬ್ರು ಪಿಕಪ್ ಗಾಡಿ ಕೊಡ್ತಾರೆ, ಮತ್ತೊಬ್ರು ಎರಡು ದಿನ ಚಪ್ಪರ ಹಾಕೋಕೆ ಬರ್ತಾರೆ. ಎಲ್ಲದಕ್ಕೂ ಅದೇ ಪುಸ್ತಕದಲ್ಲಿ ಹೆಸರು ಬರೀಬೇಕು, ಸಾವಿರ ಕೊಟ್ಟವ್ರ ಪಕ್ಕದಲ್ಲೇ.

ಒಟ್ಟು ಬಜೆಟ್‌ನಲ್ಲಿ ಹತ್ತನೇ ಒಂದು ಭಾಗ ಮುಟ್ಟದೆ ಇಡಿ. ಜನರೇಟರ್‌ಗೋ ಇನ್ನೊಂದು ಟಾರ್ಪಾಲ್‌ಗೋ ಕೊನೇ ಗಳಿಗೇಲಿ ಬೇಕಾಗತ್ತೆ. ಕಲಾವಿದರ ಸಂಭಾವನೆ ಆ ದಿನವೇ ಕೈಗೆ ಕೊಡೋ ಹಾಗೆ ಕವರ್‌ನಲ್ಲಿ ತೆಗೆದಿಡಿ, ಕಾರ್ಯಕ್ರಮ ಮುಗಿಸಿ ರಾತ್ರಿ ಹತ್ತಕ್ಕೆ ಡೊಳ್ಳು ಹೊತ್ಕೊಂಡು ನಿಂತವ್ರನ್ನ ದುಡ್ಡಿಗೆ ಕಾಯಿಸಬಾರದು.

ಸಭಾ ಕಾರ್ಯಕ್ರಮ ಬೇಕೇ ಬೇಕು ಅಂದ್ರೆ ಇಪ್ಪತ್ತು ನಿಮಿಷ, ಅದನ್ನ ಅತಿಥಿಗಳಿಗೆ ಕರೆಯೋವಾಗ್ಲೇ ಹೇಳ್ಬಿಡಿ.

3. ಜಾಗ ನೋಡೋದು

ಶಾಲೆ ಮೈದಾನ, ದೇವಸ್ಥಾನದ ಹೊರಾಂಗಣ, ಸಮುದಾಯ ಭವನ, ಇಲ್ಲಾ ಕೊಯ್ಲು ಮುಗಿದು ಖಾಲಿ ಇರೋ ಅಡಿಕೆ ಒಣಗಿಸೋ ಅಂಗಳ. ಯಾವುದೇ ಆಗ್ಲಿ ಮಧ್ಯಾಹ್ನ ಮೂರು ಗಂಟೆಗೆ ಒಂದ್ಸಲ, ರಾತ್ರಿ ಎಂಟಕ್ಕೆ ಒಂದ್ಸಲ ಹೋಗಿ ನಿಂತು ನೋಡಿ. ಮೂರಕ್ಕೆ ನೆರಳು ಎಲ್ಲಿ ಬೀಳತ್ತೆ ಗೊತ್ತಾಗತ್ತೆ, ಎಂಟಕ್ಕೆ ಎಲ್ಲಿ ಕತ್ತಲೆ, ಎಲ್ಲಿ ಚರಂಡಿ ಬಾಯಿ ತೆರ್ಕೊಂಡಿದೆ ಗೊತ್ತಾಗತ್ತೆ.

ನೋಡಬೇಕಾದ್ದು: ಬಾಗಿಲು ತೆರೆದಿರೋ ಶೌಚಾಲಯ ಇದೆಯಾ, ಅದಕ್ಕೆ ನೀರು ಬರತ್ತಾ, ವಯಸ್ಸಾದವ್ರು ಮೆಟ್ಟಿಲು ಹತ್ತದೆ ಹೋಗ್ಬಹುದಾ. ಶಾಲೆ ಶೌಚಾಲಯ ರಜೇಲಿ ಬೀಗ ಹಾಕಿರತ್ತೆ, ಕೀ ಯಾರ ಹತ್ರ ಅನ್ನೋದನ್ನ ಮೊದಲೇ ಕೇಳಿ. ಮೇಲೆ ಕರೆಂಟ್ ತಂತಿ ಹಾದು ಹೋಗಿದ್ಯಾ, ಹೋಗಿದ್ರೆ ಅದ್ರ ಕೆಳಗೆ ಚಪ್ಪರ ಬೇಡವೇ ಬೇಡ. ಆಂಬ್ಯುಲೆನ್ಸ್ ಒಳಗೆ ಬಂದು ತಿರುಗಿಸ್ಕೊಂಡು ಹೋಗೋ ಅಷ್ಟು ದಾರಿ ಬಿಟ್ಟಿದೀರಾ. ಸಿಡಿಲು ಬಂದ್ರೆ ಎಲ್ಲರೂ ಎರಡು ನಿಮಿಷದಲ್ಲಿ ಒಳಗೆ ಸೇರೋಕೆ ಆರ್‌ಸಿಸಿ ಕಟ್ಟಡ ಹತ್ರದಲ್ಲಿದೆಯಾ. ಈ ಕೊನೇದು ಇಲ್ಲದ ಜಾಗ ಎಷ್ಟೇ ಚೆಂದ ಇದ್ರೂ ನಮ್ಮ ಕಡೆ ಬೇಸಿಗೆಗೆ ಆಗಲ್ಲ.

ಹೊಳೆ ಪಕ್ಕ, ಕೆರೆ ಏರಿ, ಕೃಷಿ ಹೊಂಡದ ಹತ್ರ ಮಕ್ಕಳಿರೋ ಹಬ್ಬ ಇಡ್ಬೇಡಿ. ತುಂಗೆ ಬೇಸಿಗೇಲಿ ತೆಳ್ಳಗೆ ಕಾಣತ್ತೆ ಆದ್ರೆ ಮಡುಗಳು ಹಾಗೇ ಇರ್ತಾವೆ, ಮೇಲಿಂದ ನೋಡಿದ್ರೆ ಆಳ ಗೊತ್ತಾಗಲ್ಲ.

ಇನ್ನೊಂದು, ಇದು ನಮ್ಮ ಕಡೆಗೇ ಇರೋ ವಿಷಯ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ರ ಮೊದಲು ಗುರುತಿಸಿದ ಕಾಯಿಲೆ, ಅದಕ್ಕೇ ಪುಸ್ತಕದಲ್ಲೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ ಅಂತಾನೇ ಇದೆ. ಉಣುಗು (ಉಣ್ಣೆ) ಕಚ್ಚೋದ್ರಿಂದ ಬರತ್ತೆ, ಡಿಸೆಂಬರ್‌ನಿಂದ ಮೇ ತನಕ ಅದ್ರ ಕಾಲ, ಅಂದ್ರೆ ಸರಿಯಾಗಿ ನಮ್ಮ ಹಬ್ಬದ ಟೈಮು. ಉಣುಗು ಇರೋದು ಕಾಡಂಚಿನ ಒಣ ಎಲೆ, ದರಗಿನಲ್ಲಿ. ಹಾಗಾಗಿ ಕಾಡಿನ ಅಂಚಿಗೆ ಮಕ್ಕಳನ್ನ ಆಟಕ್ಕೆ ಬಿಡೋದು, ಮರದ ಕೆಳಗೆ ದರಗಿನ ಮೇಲೆ ಜಮಖಾನ ಹಾಸಿ ಕೂರೋದು, ನಿಧಿ ಹುಡುಕೋ ಆಟ ಅಂತ ಬೇಣದೊಳಗೆ ಕಳಿಸೋದು ಬೇಡ. ನಿಮ್ಮ ಭಾಗದಲ್ಲಿ ಆ ವರ್ಷ ಕೇಸ್ ಇದೆಯಾ ಅಂತ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮೈಗೆ ಹಚ್ಚೋ ಡೇಪಾ ಎಣ್ಣೆ (ಉಣುಗು ಹತ್ತದ ಹಾಗೆ ತಡೆಯೋದು) ಅವ್ರ ಹತ್ರಾನೇ ಕೇಳಿ, ಬಳಸೋದು ಹೇಗೆ ಅಂತಾನೂ ತಿಳ್ಕೊಳಿ. ಸತ್ತ ಮಂಗ ಕಂಡ್ರೆ ಮುಟ್ಟದೆ ಪಂಚಾಯ್ತಿಗೋ ಆರೋಗ್ಯ ಇಲಾಖೆಗೋ ತಿಳಿಸಿ, ಆ ಜಾಗದಲ್ಲಿ ಕಾರ್ಯಕ್ರಮ ಇದ್ರೆ ಬೇರೆ ಕಡೆಗೆ ಸಾಗಿಸಿ. ಇಷ್ಟು ಹೇಳಿದ್ದು ಯಾರನ್ನೂ ಹೆದರಿಸೋಕಲ್ಲ, ಅಂಗಳ ಗುಡಿಸಿ ಬಯಲಲ್ಲಿ ಮಾಡಿದ್ರೆ ಅಪಾಯ ಬಹಳ ಕಡಿಮೆ ಆಗತ್ತೆ.

4. ಅನುಮತಿ ಪತ್ರಗಳು

ಎಲ್ಲದಕ್ಕೂ ಲಿಖಿತ ಅರ್ಜಿ, ಒಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಂಡು ಬನ್ನಿ. ಬಾಯಿಮಾತಿನ "ಮಾಡ್ಕೊಳಿ ಬಿಡಿ" ಸಾಲಲ್ಲ.

ಹಳ್ಳಿ ಆದ್ರೆ ಗ್ರಾಮ ಪಂಚಾಯ್ತಿ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಶಿವಮೊಗ್ಗ ಆದ್ರೆ ಮಹಾನಗರ ಪಾಲಿಕೆ, ತಾಲೂಕು ಕೇಂದ್ರ ಆದ್ರೆ ಪುರಸಭೆ, ನಗರಸಭೆ ಯಾವ್ದಿದೆಯೋ ಅದು. ಶಾಲೆ ಮೈದಾನಕ್ಕೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲೆ ಉಸ್ತುವಾರಿ ಸಮಿತಿ). ದೇವಸ್ಥಾನದ ಜಾಗಕ್ಕೆ ಅದ್ರ ಆಡಳಿತ ಸಮಿತಿ. ಜನ ಸೇರೋದಕ್ಕೆ ಮತ್ತು ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆ. ತಾತ್ಕಾಲಿಕ ಕರೆಂಟ್ ಕನೆಕ್ಷನ್‌ಗೆ ಮೆಸ್ಕಾಂ.

ಧ್ವನಿವರ್ಧಕದ ನಿಯಮ ತಿಳ್ಕೊಂಡಿರಿ, ಇಲ್ಲಿ ಗೊಂದಲ ಜಾಸ್ತಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಮೈಕ್ ಹಾಕೋ ಹಾಗಿಲ್ಲ. ವರ್ಷಕ್ಕೆ ಹೆಚ್ಚಂದ್ರೆ 15 ದಿನ, ಸಾಂಸ್ಕೃತಿಕ ಧಾರ್ಮಿಕ ಸಂದರ್ಭಕ್ಕೆ, ಮಧ್ಯರಾತ್ರಿ 12ರ ತನಕ ಸರ್ಕಾರ ಸಡಿಲಿಕೆ ಕೊಡಬಹುದು, ಆದ್ರೆ ಅದನ್ನ ಘೋಷಿಸೋದು ಸರ್ಕಾರ, ನಿಮ್ಮ ಹಬ್ಬಕ್ಕೆ ತನ್ನಿಂದ ತಾನೇ ಅನ್ವಯ ಆಗಲ್ಲ. ಮನೆಗಳಿರೋ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ (ಶಬ್ದ ಅಳೆಯೋ ಮಾನ) ಮಿತಿ. ಹತ್ರ ಆಸ್ಪತ್ರೆ ಇದ್ರೆ ಅರ್ಜಿ ಕೊಡೋವಾಗ್ಲೇ ಹೇಳಿ ಕೇಳ್ಕೊಳಿ. ರಾತ್ರಿಯಿಡೀ ನಡೀತಿದ್ದ ಯಕ್ಷಗಾನಾನೂ ಈಗ ಬಹಳ ಕಡೆ ಕಾಲಮಿತಿ ಪ್ರದರ್ಶನ ಆಗಿದೆ, ಅಂದ್ರೆ ಸಂಜೆ ಶುರುವಾಗಿ ಮೂರ್ನಾಲ್ಕು ಗಂಟೇಲಿ ಮುಗಿಯೋದು. ಊರಹಬ್ಬಕ್ಕೆ ಅದೇ ಸರಿ ಹೊಂದತ್ತೆ.

5. ದಿನದ ವೇಳಾಪಟ್ಟಿ, ಯಾರಿಗೆ ಏನು

ಮಲೆನಾಡಿನ ಬೇಸಿಗೆ ದಿನ ತಾನಾಗೇ ಮೂರು ತುಂಡಾಗತ್ತೆ: ತಂಪಿರೋ ಬೆಳಿಗ್ಗೆ, ಸೆಕೆ ಹೊತ್ತು, ಮಳೆ ಬರಬಹುದಾದ ಸಂಜೆ. ಕಾರ್ಯಕ್ರಮಾನೂ ಹಾಗೇ ಹಂಚಿ.

ಬೆಳಿಗ್ಗೆ 7.30ರಿಂದ 11ರ ತನಕ ಓಡಾಟದ ಆಟಗಳು. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಗೋಣಿಚೀಲ ಓಟ, ಹಗ್ಗಜಗ್ಗಾಟ. ಇಲ್ಲಿ ಎಲ್ಲರೂ ಮಾಡೋ ಎಡವಟ್ಟು ಏನಂದ್ರೆ ಎಲ್ಲಾ ಆಟಾನೂ ಸ್ಪರ್ಧೆ ಮಾಡಿ, ಸೋತ ಮಕ್ಕಳನ್ನ ಒಂಬತ್ತು ಗಂಟೆಗೇ ಹೊರಗೆ ಕೂರಿಸೋದು. ಎರಡು ಮೂರು ಆಟ ಸ್ಪರ್ಧೆ ಇರ್ಲಿ, ಉಳಿದಿದ್ದು ಯಾರು ಬೇಕಾದ್ರೂ ಬಂದು ಆಡೋ ಹಾಗೆ ಇಡಿ. ಹಗ್ಗಜಗ್ಗಾಟಕ್ಕೆ ಮೇಲಿನ ಕೇರಿ ಕೆಳಗಿನ ಕೇರಿ ಅಂತ ತಂಡ ಮಾಡ್ಬೇಡಿ, ಹಳೇ ಜಗಳ ಇದ್ರೆ ಹಗ್ಗದ ಜೊತೆ ಅದೂ ಎಳ್ಕೊಂಡು ಬರತ್ತೆ. ಚೀಟಿ ಎತ್ತಿ ಬೆರೆಸಿ, ಗಂಡ್ಸ್ರು ಹೆಂಗಸ್ರು ಮಕ್ಕಳು ಎಲ್ಲ ಒಂದೇ ತಂಡದಲ್ಲಿ. ಹಗ್ಗವನ್ನ ಸೊಂಟಕ್ಕಾಗ್ಲಿ ಕೈಗಾಗ್ಲಿ ಸುತ್ತಿಕೊಳ್ಳೋಕೆ ಬಿಡಬಾರದು.

ಲಗೋರಿ ಕಲ್ಲು ಜೋಡಿಸೋದು, ಚಿನ್ನಿ ಕೆತ್ತೋದು, ಬುಗುರಿಗೆ ದಾರ ಸುತ್ತೋದು ಈಗಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ, ಊರಿನ ಅಜ್ಜಂದ್ರಿಗೆ ಗೊತ್ತು. ಪ್ರತಿ ಆಟದ ಹತ್ರ ಒಬ್ರು ಹಿರಿಯರನ್ನ ಕುರ್ಚಿ ಹಾಕಿ ಕೂರಿಸಿ, ರೆಫ್ರಿ ಅವ್ರೇ, ಕಲಿಸೋರೂ ಅವ್ರೇ. "ಅಜ್ಜಾ ಇದು ಔಟಾ" ಅಂತ ಹತ್ತು ಮಕ್ಕಳು ಸುತ್ತುವರಿದಾಗ ಅವ್ರು ಮಧ್ಯಾಹ್ನ ಮನೆಗೆ ಹೋಗ್ತೀನಿ ಅನ್ನಲ್ಲ.

11ರಿಂದ 4ರ ತನಕ ನೆರಳಲ್ಲಿ ಕೂತು ಮಾಡೋದು. ನನಗೆ ಇಡೀ ಹಬ್ಬದಲ್ಲಿ ತುಂಬಾ ಇಷ್ಟವಾದ ಹೊತ್ತು ಇದು, ಬಹಳ ಕಡೆ ಖಾಲಿ ಬಿಟ್ಟಿರ್ತಾರೆ. ಚೆನ್ನೆಮಣೆ, ಚೌಕಾಬಾರ ಹಾಸಿ ಇಡಿ, ಯಾರೂ ಹೇಳದೇನೇ ಅಜ್ಜಿ ಮೊಮ್ಮಕ್ಕಳು ಕೂತ್ಬಿಡ್ತಾರೆ. ಹಸೆ ಚಿತ್ತಾರ ಹೇಳ್ಕೊಡೋ ಹೆಣ್ಣುಮಕ್ಕಳನ್ನ ಕರೆಸಿ. ಸಾಗರ, ಸೊರಬ ಕಡೆ ದೀವರ ಮನೆಗಳಲ್ಲಿ ಮದುವೆ ಹೊತ್ತಿಗೆ ಗೋಡೆ ಮೇಲೆ ಬರೆಯೋ ಈ ಚಿತ್ರಕ್ಕೆ ಬಣ್ಣ ಎಲ್ಲ ಮನೇಲೇ ಆಗತ್ತೆ, ಅಕ್ಕಿ ನೆನೆಸಿ ರುಬ್ಬಿದ ಬಿಳಿ, ಕೆಮ್ಮಣ್ಣಿನ ಕೆಂಪು, ಅಕ್ಕಿ ಸೀದು ಕರಿಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ, ಬ್ರಶ್ಶಿಗೆ ಪುಂಡಿ ನಾರು. ಮಕ್ಕಳಿಗೆ ಕೆಮ್ಮಣ್ಣು ಬಳಿದ ರಟ್ಟು ಕೊಟ್ರೆ ಮನೆಗೆ ತಗೊಂಡು ಹೋಗ್ತಾರೆ. ಕಲಿಸಲು ಬಂದವ್ರಿಗೆ ಸಂಭಾವನೆ ಕೊಡಿ, "ನಮ್ಮೂರವ್ರೇ ಅಲ್ವಾ" ಅಂತ ಬಿಡಬೇಡಿ.

ಹಲಸಿನ ಹಪ್ಪಳ ಒತ್ತೋದು ಈ ಹೊತ್ತಿಗೆ ಹೇಳಿ ಮಾಡಿಸಿದ ಕೆಲಸ. ಏಪ್ರಿಲ್ ಮೇ ತಿಂಗಳಲ್ಲಿ ಹೇಗೂ ಹಲಸಿನಕಾಯಿ ಇರತ್ತೆ, ನಾಲ್ಕು ಜನ ದೊಡ್ಡೋರು ಹಿಟ್ಟು ಕುಟ್ಟಿ ಉಂಡೆ ಮಾಡಿಟ್ರೆ ಮಣೆ ಮೇಲೆ ಒತ್ತೋಕೆ ಮಕ್ಕಳದ್ದೇ ಸಾಲು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಸೋದು ಮರೀಬೇಡಿ, ಸೊನೆ ಅಂಟತ್ತೆ. ಊರಿನ ಸ್ತ್ರೀಶಕ್ತಿ ಸಂಘದವ್ರ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಳಿಗೆ ಪಕ್ಕದಲ್ಲೇ ಇರ್ಲಿ, ಬಾಡಿಗೆ ಕೇಳ್ಬೇಡಿ.

ಹನ್ನೆರಡರಿಂದ ಇಪ್ಪತ್ತೆರಡರ ವಯಸ್ಸಿನವ್ರಿಗೆ ಏನಿಡೋದು ಅಂತ ಎಲ್ಲರೂ ಕೇಳ್ತಾರೆ. ಅವ್ರಿಗೆ ಇಡ್ಬೇಡಿ, ಅವ್ರಿಗೇ ಕೊಡಿ. ಫೋಟೋ, ಲೈಟು, ಮೈಕ್ ಹಿಡಿದು ನಿರೂಪಣೆ, ಪಾರ್ಕಿಂಗ್, ಊರಿನ ಹಳೇ ಫೋಟೋಗಳನ್ನ ಮನೆಮನೆಯಿಂದ ತಂದು ಮೊಬೈಲ್‌ನಲ್ಲಿ ಕಾಪಿ ಮಾಡಿ ಪ್ರದರ್ಶನ ಇಡೋದು. ಒಂದು ಕಿರುನಾಟಕ ಮಾಡಿಸೋದಾದ್ರೆ ಎರಡು ವಾರ ಮೊದಲು ಶುರು ಮಾಡಿ. ನಮ್ಮ ಜಿಲ್ಲೇಲಿ ನಾಟಕ ಕಲಿತವ್ರಿಗೆ ಬರ ಇಲ್ಲ, ಹೆಗ್ಗೋಡಿನ ನೀನಾಸಮ್ 1949ರಿಂದ ಇದೆ, ಶಿವಮೊಗ್ಗದಲ್ಲಿ ರಂಗಾಯಣ ಇದೆ, ಅಲ್ಲಿ ಕಲಿತ ಒಬ್ರಾದ್ರೂ ನಿಮ್ಮ ಸುತ್ತಮುತ್ತ ಸಿಗ್ತಾರೆ.

ಸಂಜೆ 5.30ರ ಮೇಲೆ ಮಾಡಿನ ಕೆಳಗೆ ಸ್ಟೇಜ್ ಕಾರ್ಯಕ್ರಮ. ಮೊದಲು ಚಿಕ್ಕ ಮಕ್ಕಳದ್ದು ಮುಗಿಸಿ, ಎಂಟೂವರೆಗೆ ನಿದ್ದೆ ತೂಗೋ ಮಗು ಕೃಷ್ಣನ ವೇಷ ಹಾಕ್ಕೊಂಡು ಕಾಯೋದು ನೋಡೋಕಾಗಲ್ಲ. ಆಮೇಲೆ ಕೋಲಾಟ, ಸೋಬಾನೆ ಪದ, ಡೊಳ್ಳು. ಡೊಳ್ಳಿಗೆ ಜಾಗ ದೊಡ್ಡದು ಬೇಕು, ಹಸುಗೂಸು ಮತ್ತು ಹೃದಯದ ತೊಂದರೆ ಇರೋರನ್ನ ಹಿಂದಕ್ಕೆ ಕೂರಿಸಿ, ಡೊಳ್ಳಿಗೆ ಮೈಕ್ ಬೇಕಾಗಿಲ್ಲ. ಬಜೆಟ್ ಕಡಿಮೆ ಇದ್ರೆ ಮೇಳದ ಬದಲು ತಾಳಮದ್ದಲೆ ಇಡಿ, ಅಂದ್ರೆ ವೇಷ ಕುಣಿತ ಇಲ್ದೆ ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತಿನಲ್ಲೇ ನಡೆಯೋ ಪ್ರಸಂಗ. ಮಳೆ ಬಂದ್ರೂ ದೇವಸ್ಥಾನದ ಜಗುಲಿ ಮೇಲೆ ಮುಂದುವರೀತದೆ. ಗಮಕಾನೂ ಹಾಗೇ, ಒಬ್ರು ಕಾವ್ಯ ಹಾಡೋದು ಇನ್ನೊಬ್ರು ಅರ್ಥ ಹೇಳೋದು, ತುಂಗೆ ದಡದ ಹೊಸಹಳ್ಳಿ ಇದಕ್ಕೇ ಹೆಸರಾದ ಊರು.

ಮುಗಿಸೋ ಟೈಮ್ ತೀರ್ಮಾನ ಮಾಡೋದು ಕೊನೇ ಬಸ್ಸು. ನಮ್ಮ ಹಳ್ಳಿ ದಾರಿಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ, 2023ರಿಂದ ಹೆಂಗಸರಿಗೆ ಉಚಿತ ಇರೋದು ಸರ್ಕಾರಿ ಬಸ್ಸಲ್ಲಿ ಮಾತ್ರ. ಕೊನೇ ಬಸ್ಸಿಗೆ ಅರ್ಧ ಗಂಟೆ ಮೊದಲು ಊಟ ಮುಗಿದಿರ್ಬೇಕು, ಇಲ್ಲಾಂದ್ರೆ ಯಾವ ಜೀಪು ಯಾವ ಕಡೆ ಬಿಡತ್ತೆ ಅಂತ ಮೊದಲೇ ಬರೆದು ಅಂಟಿಸಿ.

6. ಊಟ, ನೀರು

ಬೇಸಿಗೆ ಹಬ್ಬದಲ್ಲಿ ಊಟಕ್ಕಿಂತ ಕುಡಿಯೋದು ಮುಖ್ಯ. ತಲೆಗೆ ಒಂದು ಲೀಟರ್ ಆದ್ರೂ ಕುಡಿಯೋ ನೀರು ಲೆಕ್ಕ ಹಾಕಿ, ಬಿಸಿ ಮಾಡಿ ಆರಿಸಿದ್ದು ಅಥವಾ ಫಿಲ್ಟರ್‌ದು. ಒಂದೇ ಕಡೆ ಇಡ್ಬೇಡಿ, ಮೂರು ಕಡೆ ಇಡಿ, ಒಂದು ಮಕ್ಕಳ ಆಟದ ಹತ್ರಾನೇ.

ನೂರು ಜನಕ್ಕೆ ಒಂದೊಂದು ಲೋಟ ಮಜ್ಜಿಗೆ ಅಂದ್ರೆ 20 ಲೀಟರ್, ಅದಕ್ಕೆ 5 ಲೀಟರ್ ಗಟ್ಟಿ ಮೊಸರು ಸಾಕು. ಪಾನಕಕ್ಕೆ ಅಷ್ಟೇ ಅಳತೆಗೆ ಸುಮಾರು 3 ಕೆಜಿ ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ. ಮುರುಗಲು ಸಿಗೋ ಕಡೆ ಅದ್ರದ್ದೇ ಪಾನಕ ಮಾಡಿ. ಇವುಕ್ಕೆ ಐಸ್ ಹಾಕೋದು ಬೇಡ, ಐಸ್ ಯಾವ ನೀರಿನದ್ದು ಗೊತ್ತಿರಲ್ಲ. ಮಣ್ಣಿನ ಮಡಿಕೆಗೆ ಒದ್ದೆ ಬಟ್ಟೆ ಸುತ್ತಿದ್ರೆ ಸಾಕಷ್ಟು ತಂಪು. ಕೋಸಂಬರಿಗೆ ನೂರು ಜನಕ್ಕೆ 2 ಕೆಜಿ ಹೆಸರುಬೇಳೆ, ಉಪ್ಪು ಮತ್ತು ಕಾಯಿತುರಿ ಬಡಿಸೋ ಹೊತ್ತಿಗೆ ಹಾಕಿ, ಮೊದಲೇ ಹಾಕಿದ್ರೆ ನೀರು ಬಿಡತ್ತೆ, ಸೆಕೆಗೆ ಬೇಗ ಹಳಸತ್ತೆ. ಊಟಕ್ಕೆ ನೂರು ಜನಕ್ಕೆ 10ರಿಂದ 12 ಕೆಜಿ ಅಕ್ಕಿ. ಐಟಂ ಜಾಸ್ತಿ ಮಾಡ್ಬೇಡಿ, ಅನ್ನ, ಸಾರು, ಅಪ್ಪೆಹುಳಿ, ಒಂದು ಪಲ್ಯ, ಪಾಯಸ, ಮಜ್ಜಿಗೆ ಧಾರಾಳ ಆಯ್ತು. ಬೆಳಿಗ್ಗೆ ಮಾಡಿದ್ದನ್ನ ರಾತ್ರಿಗೆ ಬಡಿಸೋದು ಬೇಡವೇ ಬೇಡ, ಉಳಿಯತ್ತೆ ಅನ್ಸಿದ್ರೆ ಮಧ್ಯಾಹ್ನವೇ ಹಂಚಿಬಿಡಿ.

ಹಿರಿಯರಿಗೆ ಮೊದಲ ಪಂಕ್ತಿ, ಟೇಬಲ್ ಮೇಲೆ, ಸಕ್ಕರೆ ಕಾಯಿಲೆ ಇರೋರಿಗೆ ಟೈಮಿಗೆ ಸರಿಯಾಗಿ. ಅಡುಗೆ ಬಡಿಸೋದ್ರಲ್ಲಿ ಗಂಡಸರ ಪಾಳಿ ಕಡ್ಡಾಯ ಹಾಕಿ, ಇಲ್ಲಾಂದ್ರೆ ಹೆಂಗಸ್ರಿಗೆ ಆವತ್ತು ಹಬ್ಬ ಇರಲ್ಲ, ಕೆಲಸ ಅಷ್ಟೇ.

ತಟ್ಟೆಗೆ ಬಾಳೆಎಲೆ ಅಥವಾ ಅಡಿಕೆ ಹಾಳೆ ತಟ್ಟೆ. ಹಳೇ ಸ್ಟಾಕ್ ಆದ್ರೆ ಬೂಸ್ಟು ಹಿಡಿದಿರತ್ತೆ, ಕಟ್ಟು ಬಿಚ್ಚಿ ನೋಡಿ ತಗೊಳಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮೋಕೋಲ್ ಇವೆಲ್ಲ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ. ಪೇಪರ್ ಲೋಟಕ್ಕೂ ಒಳಗೆ ಪ್ಲಾಸ್ಟಿಕ್ ಪದರ ಇರತ್ತೆ, ಸ್ಟೀಲ್ ಲೋಟ ಬಾಡಿಗೆಗೆ ತಂದು ತೊಳೆಯೋಕೆ ಇಬ್ಬರನ್ನ ಕೂಲಿಗೆ ಇಡಿ. ಫ್ಲೆಕ್ಸ್ ಬದಲು ಬಟ್ಟೆ ಬ್ಯಾನರ್, ಮಾವಿನ ತೋರಣ, ಬಾಳೆಕಂಬ.

7. ಚಪ್ಪರ, ಕರೆಂಟ್, ಮೈಕ್

ಹಗಲಿಗೆ ಅಡಿಕೆ ದಬ್ಬೆ ಕಟ್ಟಿ ಸೋಗೆ ಹೊದಿಸಿದ ಚಪ್ಪರದಷ್ಟು ತಂಪು ಬೇರೆ ಇಲ್ಲ, ತಗಡಿನ ಕೆಳಗೆ ಮಧ್ಯಾಹ್ನ ಕೂರೋಕಾಗಲ್ಲ. ಆದ್ರೆ ಒಣ ಸೋಗೆ ಬೇಗ ಬೆಂಕಿ ಹಿಡಿಯತ್ತೆ. ಒಲೆ ಮೂವತ್ತು ಅಡಿ ಆದ್ರೂ ದೂರ ಇರ್ಲಿ, ಲೈಟಿನ ವೈರ್ ಸೋಗೆಗೆ ತಾಗದ ಹಾಗೆ ಕಟ್ಟಿ, ಎರಡು ಡ್ರಮ್ ನೀರು, ನಾಲ್ಕು ಬಕೆಟ್ ಮರಳು ಪಕ್ಕದಲ್ಲಿಡಿ. ಪಟಾಕಿ ಬೇಡ, ಸುತ್ತ ಬೇಣದ ಹುಲ್ಲು ಒಣಗಿ ನಿಂತಿರತ್ತೆ, ಒಂದು ಕಿಡಿ ಸಾಕು. ಶಾಮಿಯಾನ ಆದ್ರೆ ಗೂಟ ಆಳಕ್ಕೆ ಹೊಡೆಸಿ, ಮಳೆಗೆ ಮೊದಲು ಬರೋ ಗಾಳಿಯೇ ಅದನ್ನ ಎತ್ತೋದು. ಮಡಚಿದ ಟಾರ್ಪಾಲ್ ಸ್ಟೇಜ್ ಹಿಂದೇನೇ ಸಿದ್ಧ ಇರ್ಲಿ.

ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಎಳೆಯೋದು ಅಪರಾಧ ಅನ್ನೋದಕ್ಕಿಂತ ಜೀವಕ್ಕೇ ಅಪಾಯ. ತಾತ್ಕಾಲಿಕ ಕನೆಕ್ಷನ್ ತಗೊಳಿ, ಅದಕ್ಕೆ ಆರ್‌ಸಿಸಿಬಿ ಹಾಕಿಸಿ, ಅಂದ್ರೆ ಎಲ್ಲಾದ್ರೂ ಕರೆಂಟ್ ಸೋರಿದ ತಕ್ಷಣ ತಾನೇ ಕಟ್ ಆಗೋ ಸ್ವಿಚ್. ನೆಲದ ಮೇಲೆ ಹಾದ ವೈರ್‌ಗೆ ಜಾಯಿಂಟ್ ಇರಬಾರದು. ಮೆಸ್ಕಾಂ ಸಹಾಯವಾಣಿ 1912.

ಮೈಕಿಗೆ ಒಂದು ದೊಡ್ಡ ಬಾಕ್ಸ್ ಬದಲು ನಾಲ್ಕು ಸಣ್ಣದು ಹಂಚಿ ಇಟ್ರೆ ಮುಂದೆ ಕೂತವ್ರ ಕಿವಿ ಉಳಿಯತ್ತೆ, ಹಿಂದಿನವ್ರಿಗೂ ಕೇಳತ್ತೆ.

8. ಆವತ್ತು ಕಣ್ಣಿಡಬೇಕಾದ್ದು

ಸಿಡಿಲು. ಮಿಂಚು ಕಂಡ ಮೇಲೆ ಎಣಿಸೋಕೆ ಶುರು ಮಾಡಿ, ಮೂವತ್ತು ಸೆಕೆಂಡ್ ಒಳಗೆ ಗುಡುಗು ಕೇಳಿಸ್ತು ಅಂದ್ರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆ. ಮೈಕಲ್ಲಿ ಹೇಳಿ ಎಲ್ಲರನ್ನೂ ಆರ್‌ಸಿಸಿ ಕಟ್ಟಡದೊಳಗೆ ಕಳಿಸಿ, ಆಮೇಲೆ ಮೇನ್ ಸ್ವಿಚ್ ಆಫ್. ಶಾಮಿಯಾನ, ಸೋಗೆ ಚಪ್ಪರ, ಮರದಡಿ ಇವ್ಯಾವ್ದೂ ರಕ್ಷಣೆ ಅಲ್ಲ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ಹೊರಗೆ ಬಿಡಬೇಡಿ, "ಮಳೆ ನಿಂತಿದೆಯಲ್ಲಾ" ಅಂತ ಒತ್ತಾಯ ಬರತ್ತೆ, ಬಗ್ಗಬೇಡಿ. ದಾಮಿನಿ ಅಂತ ಸಿಡಿಲಿನ ಮುನ್ಸೂಚನೆ ಕೊಡೋ ಸರ್ಕಾರಿ ಆ್ಯಪ್ ಇದೆ, ಸಮಿತಿಯ ಒಬ್ರು ಮಧ್ಯಾಹ್ನ ಎರಡರಿಂದ ಅದನ್ನ ನೋಡ್ತಾ ಇರ್ಲಿ.

ಸೆಕೆ. ತಲೆಸುತ್ತು, ವಾಂತಿ, ಸುಸ್ತು ಕಂಡ್ರೆ ನೆರಳಿಗೆ ಕರ್ಕೊಂಡು ಹೋಗಿ ಒದ್ದೆ ಬಟ್ಟೆ ಒರೆಸಿ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲಾಂದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಮಾತು ತೊದಲ್ತಿದ್ರೆ, ಪ್ರಜ್ಞೆ ತಪ್ತಿದ್ರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಸಿಗದ ಊರಾದ್ರೆ ಒಂದು ಕಾರು, ಒಬ್ಬ ಡ್ರೈವರ್ ಇಡೀ ದಿನ ಮೀಸಲಿರ್ಬೇಕು.

ಮಕ್ಕಳು. ಒಳಗೆ ಬರೋವಾಗ್ಲೇ ಪುಟ್ಟ ಮಕ್ಕಳ ಕೈಗೆ ಬಟ್ಟೆ ಪಟ್ಟಿ ಕಟ್ಟಿ ಒಳಮಗ್ಗುಲಲ್ಲಿ ಅಪ್ಪ ಅಮ್ಮನ ನಂಬರ್ ಬರೀರಿ. ತಪ್ಪಿಸ್ಕೊಂಡವ್ರು ಸೇರೋ ಜಾಗ ಒಂದೇ ಇರ್ಲಿ, ಅಲ್ಲಿ ಇಬ್ಬರು ಇರ್ಲಿ. ಮೈಕಲ್ಲಿ ಮಗುವಿನ ಹೆಸರು ಕೂಗಬೇಡಿ, ಬಟ್ಟೆ ಬಣ್ಣ ಹೇಳಿದ್ರೆ ಸಾಕು, ಹೆಸರು ಕೇಳಿಸ್ಕೊಂಡ ಯಾರು ಬೇಕಾದ್ರೂ ಬಂದು ಕರೀಬಹುದು. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098.

9. ಮುಗಿದ ಮೇಲೆ

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಕ್ಲೀನಿಂಗ್ ತಂಡ ಬರ್ಬೇಕು ಅನ್ನೋದನ್ನ ಆಮಂತ್ರಣ ಪತ್ರದಲ್ಲೇ ಹಾಕಿ. ಎಲೆ, ಹಾಳೆ ತಟ್ಟೆ ಎಲ್ಲ ಗೊಬ್ಬರ ಗುಂಡಿಗೆ. ಸೋಗೆ ದಬ್ಬೆ ಕೊಟ್ಟವ್ರ ಮನೆಗೆ ವಾಪಸ್, ಮಳೆಗೆ ಮೊದಲು ಅವ್ರಿಗೂ ಬೇಕಾಗತ್ತೆ. ಶಾಲೆ ಶೌಚಾಲಯ ತೊಳೆಸಿ, ಮೈದಾನದಲ್ಲಿ ತೋಡಿದ ಗೂಟದ ಗುಂಡಿ ಮುಚ್ಚಿ, ಕೀ ಕೊಟ್ಟು ಮುಖ್ಯ ಶಿಕ್ಷಕರಿಗೆ ತೋರಿಸಿ ಬನ್ನಿ, ಮುಂದಿನ ವರ್ಷ ಜಾಗ ಸಿಗೋದು ಇದ್ರ ಮೇಲೆ.

ಲೆಕ್ಕವನ್ನ ಒಂದು ವಾರದೊಳಗೆ ಹಾಲಿನ ಡೈರಿ, ದೇವಸ್ಥಾನ, ಊರಿನ ವಾಟ್ಸಾಪ್ ಗ್ರೂಪ್ ಮೂರೂ ಕಡೆ ಹಾಕಿ, ವಸ್ತು ಕೊಟ್ಟವ್ರು ಮೈಗೆಲಸ ಮಾಡಿದವ್ರ ಹೆಸರೂ ಸೇರಿಸಿ. ಉಳಿದ ದುಡ್ಡು ಏನು ಮಾಡೋದು ಅಂತ ಸಮಿತಿ ಒಳಗೇ ತೀರ್ಮಾನ ಮಾಡದೆ ಎಲ್ಲರನ್ನೂ ಕೇಳಿ. ಅದೇ ವಾರ ಒಂದ್ಸಲ ಕೂತು ಎಷ್ಟು ಅಕ್ಕಿ ಖರ್ಚಾಯ್ತು, ಎಷ್ಟು ಲೋಟ ಕಡಿಮೆ ಬಿತ್ತು, ಮಳೆ ಎಷ್ಟು ಗಂಟೆಗೆ ಬಂತು, ಯಾವ ಆಟಕ್ಕೆ ಯಾರೂ ಬರ್ಲಿಲ್ಲ ಎಲ್ಲ ರಸೀದಿ ಪುಸ್ತಕದ ಹಿಂದಿನ ಹಾಳೇಲಿ ಬರೆದು, ಸಮಿತಿಯ ಕಾಲೇಜು ಹುಡುಗನ ಅಥವಾ ಹುಡುಗಿಯ ಕೈಗೆ ಕೊಡಿ.